ದೂರ ಒಂದೇ, ಅವಧಿ ಎರಡು

ಸಂಪಾದಕರಿಗೆ,

ಹೊಸ ವಿಮಾನ ಸೇವೆಯ ಸುದ್ದಿಯ ಪಕ್ಕದಲ್ಲಿ, ಪ್ರವಾಸದ ಪುಟದಲ್ಲಿ, ವಿದೇಶಿ ಕಾಲೇಜುಗಳ ಪುರವಣಿಯಲ್ಲಿ ಒಂದು ಪುಟ್ಟ ಚೌಕ ಇದ್ದೇ ಇರುತ್ತದೆ: ಇಂಥ ನಗರದಿಂದ ಇಂಥ ನಗರಕ್ಕೆ ಇಷ್ಟು ಕಿಲೋಮೀಟರ್, ವಿಮಾನದಲ್ಲಿ ಇಷ್ಟು ಗಂಟೆ. ಅದರಲ್ಲಿ ಮೊದಲ ಅಂಕಿ ಬಹುಮಟ್ಟಿಗೆ ಸರಿಯಾಗಿರುತ್ತದೆ. ಎರಡನೆಯದು ಎಷ್ಟೋ ಸಲ ಮೊದಲ ಅಂಕಿಯನ್ನು 800ರಿಂದಲೋ 900ರಿಂದಲೋ ಭಾಗಿಸಿ ಬಂದ ಉತ್ತರ, ಅಷ್ಟೆ. ಅಂಥ ಅವಧಿಯಲ್ಲಿ ಯಾವ ವಿಮಾನವೂ ಹಾರುವುದಿಲ್ಲ. ಅದನ್ನೇ ನಂಬಿ ಮುಂದಿನ ರೈಲಿಗೋ ಇನ್ನೊಂದು ವಿಮಾನಕ್ಕೋ ಟಿಕೆಟ್ ತೆಗೆದವರು ಸಿಕ್ಕಿಬೀಳುತ್ತಾರೆ. ಈ ಚೌಕವನ್ನು ಹೇಗೆ ಅಚ್ಚು ಮಾಡಿದರೆ ಓದುಗರಿಗೆ ಉಪಯೋಗವಾದೀತು ಎಂಬುದನ್ನು ಹೇಳಲು ಈ ಪತ್ರ.

ದೂರದ ವಿಷಯ ಮೊದಲು. ಎರಡು ನಗರಗಳ ನಡುವಿನ ವಿಮಾನ ದೂರ ಎಂದರೆ ಭೂಗೋಳದ ಮೈಮೇಲೆ ಎರಡು ಬಿಂದುಗಳನ್ನು ಸೇರಿಸುವ ಅತಿ ಚಿಕ್ಕ ಗೆರೆ, ಅಂದರೆ ಮಹಾವೃತ್ತದ ಒಂದು ತುಂಡು. ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ಅದಲ್ಲ. ಮರ್ಕೇಟರ್ ಮಾದರಿಯ ಭೂಪಟದಲ್ಲಿ 60 ಡಿಗ್ರಿ ಅಕ್ಷಾಂಶದ ಹೊತ್ತಿಗೆ ಎಲ್ಲವೂ ಎರಡು ಪಟ್ಟು ಹಿಗ್ಗಿರುತ್ತದೆ. ಹಾಗಾಗಿ ಲಂಡನ್‌ನಿಂದ ಟೋಕಿಯೊಗೆ ಎಳೆದ ನೇರ ಗೆರೆ ಮಧ್ಯ ಏಷ್ಯಾದ ಮೇಲೆ ಹಾದುಹೋದರೆ, ನಿಜವಾದ ಅತಿ ಚಿಕ್ಕ ದಾರಿ ಸ್ಕ್ಯಾಂಡಿನೇವಿಯ ದಾಟಿ, 71 ಡಿಗ್ರಿ ಉತ್ತರದವರೆಗೆ ಏರಿ, ಸೈಬೀರಿಯದ ಉತ್ತರ ಅಂಚಿನಲ್ಲಿ ಸಾಗುತ್ತದೆ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರವನ್ನು ಎರಡೂ ಊರುಗಳ ಮೇಲೆ ಬಿಗಿಯಾಗಿ ಹಿಡಿದು ನೋಡಬಹುದು.

ಲೆಕ್ಕಕ್ಕೆ ಶಾಲೆಯ ತ್ರಿಕೋನಮಿತಿ ಸಾಕು. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿಸಿದರೆ ಬರುವುದು ನಡುವಿನ ಕೋನದ ಕೊಸೈನ್. ಕೋನದ ಒಂದೊಂದು ಡಿಗ್ರಿಗೂ 111.2 ಕಿ.ಮೀ. ಲಂಡನ್ನಿನ ಹೀಥ್ರೂ 51.47 ಉತ್ತರ, 0.45 ಪಶ್ಚಿಮ, ಟೋಕಿಯೊದ ಹನೇಡ 35.55 ಉತ್ತರ, 139.78 ಪೂರ್ವ. ಸೈನ್‌ಗಳ ಗುಣಲಬ್ಧ 0.455. ಕೊಸೈನ್‌ಗಳ ಗುಣಲಬ್ಧ 0.507, ಅದನ್ನು 140.23 ಡಿಗ್ರಿಯ ಕೊಸೈನ್ ಆದ ಮೈನಸ್ 0.769ರಿಂದ ಗುಣಿಸಿದರೆ ಮೈನಸ್ 0.390. ಕೂಡಿಸಿದರೆ 0.065, ಅಂದರೆ 86.3 ಡಿಗ್ರಿ, ಅಂದರೆ ಸುಮಾರು 9,600 ಕಿ.ಮೀ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಆದರೆ ಅದರಿಂದ ಬರುವ ತಪ್ಪು ಹೆಚ್ಚೆಂದರೆ ಶೇ 0.5ರ ಆಸುಪಾಸು. ಇಷ್ಟು ದೂರಕ್ಕೆ 50 ಕಿ.ಮೀ.ಗಿಂತ ಕಡಿಮೆ, ಹಾರಾಟದಲ್ಲಿ ಮೂರು ನಿಮಿಷ. ಹಾಗಾಗಿ ದೂರವನ್ನು '9,587.43 ಕಿ.ಮೀ.' ಎಂದು ದಶಾಂಶದವರೆಗೆ ಅಚ್ಚು ಮಾಡುವುದರಲ್ಲಿ ಅರ್ಥವಿಲ್ಲ.

ತಪ್ಪು ನುಸುಳುವ ಜಾಗಗಳು ಬೇರೆ. ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿ ಇದ್ದರೆ ಉತ್ತರ ಎಷ್ಟು ಅಸಂಬದ್ಧವಾಗಿರುತ್ತದೆಂದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಡಿಗ್ರಿ-ಮಿನಿಟನ್ನು (ಒಂದು ಡಿಗ್ರಿಗೆ 60 ಮಿನಿಟ್) ದಶಾಂಶವೆಂದು ಓದಿದರೆ ಬೀಳುವುದಿಲ್ಲ: ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣ 40 ಡಿಗ್ರಿ 38 ಮಿನಿಟ್, ಅಂದರೆ 40.63, ಅದನ್ನು 40.38 ಎಂದು ಬರೆದುಕೊಂಡರೆ ನಿಲ್ದಾಣ 28 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ. ಇನ್ನೂ ಮೋಸದ್ದು ಪಶ್ಚಿಮ ರೇಖಾಂಶದ ಮೈನಸ್ ಗುರುತು ಮರೆಯುವುದು. ಜೆಎಫ್‌ಕೆಯ 73.78 ಪಶ್ಚಿಮವನ್ನು ಪೂರ್ವ ಮಾಡಿದರೆ ನ್ಯೂಯಾರ್ಕ್ ಹೋಗಿ ಕಿರ್ಗಿಸ್ತಾನದಲ್ಲಿ ಕೂರುತ್ತದೆ. ತಮಾಷೆಯೆಂದರೆ, ಲಂಡನ್ ಸೊನ್ನೆ ರೇಖಾಂಶದ ಪಕ್ಕದಲ್ಲೇ ಇರುವುದರಿಂದ ಅಲ್ಲಿಂದ ಅಳೆದರೆ ಸರಿಯಾದ ಉತ್ತರ 5,540 ಕಿ.ಮೀ., ತಪ್ಪು ಉತ್ತರ 5,600 ಕಿ.ಮೀ. ಲೆಕ್ಕ ತಾಳೆ ನೋಡಲು ಲಂಡನ್-ನ್ಯೂಯಾರ್ಕ್ ಜೋಡಿಯನ್ನೇ ಆರಿಸಿಕೊಂಡವರಿಗೆ ಈ ತಪ್ಪು ಎಂದೂ ಸಿಗದು. ಟೋಕಿಯೊದಿಂದ ಅಳೆದರೆ ತಕ್ಷಣ ಸಿಗುತ್ತದೆ.

ಮೈಲಿಯಲ್ಲೂ ಎರಡು ಜಾತಿ. ಅದೇ 5,540 ಕಿ.ಮೀ. ನೆಲದ ಮೈಲಿಯಲ್ಲಿ 3,442, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ 2,991. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ., ಸಾಮಾನ್ಯ ಮೈಲಿಗೆ 1.609. ವಿಮಾನಯಾನದ ಪತ್ರಗಳಲ್ಲಿ ಬರೀ 'ಮೈಲಿ' ಎಂದಿದ್ದರೆ ಅದನ್ನು 1.6ರಿಂದ ಗುಣಿಸುವ ಮುನ್ನ ಒಮ್ಮೆ ಯೋಚಿಸಬೇಕು. ಎಡವಟ್ಟಾದರೆ ವ್ಯತ್ಯಾಸ ಶೇ 15. ಊರಿನ ಹೆಸರೂ ಸಾಲದು. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯದಲ್ಲೂ ಇದೆ, ಕೋಸ್ಟರಿಕದಲ್ಲೂ ಇದೆ. ಸಿಡ್ನಿ ಆಸ್ಟ್ರೇಲಿಯದ್ದಲ್ಲದೆ ಕೆನಡಾದ ನೋವಾ ಸ್ಕೋಶಿಯದಲ್ಲೂ ಒಂದಿದೆ.

ಇನ್ನು ಅವಧಿ. ಬೋಯಿಂಗ್ 787, ಏರ್‌ಬಸ್ ಎ350ಯಂಥ ದೂರ ಹಾರುವ ವಿಮಾನಗಳು ಶಬ್ದದ ವೇಗದ ಶೇ 85ರಷ್ಟು ವೇಗದಲ್ಲಿ ಸಾಗುತ್ತವೆ. 11 ಕಿ.ಮೀ. ಎತ್ತರದ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ., ಹಾಗಾಗಿ ವಿಮಾನದ್ದು ಸುಮಾರು 903. ಎ320 ಜಾತಿಯ ಚಿಕ್ಕ ವಿಮಾನಗಳು ಶೇ 78ರ ಆಸುಪಾಸಿನಲ್ಲಿ, ಅಂದರೆ ಗಂಟೆಗೆ 830 ಕಿ.ಮೀ.ನಷ್ಟು. ಆದರೆ ಈ ವೇಗ ಮಧ್ಯದ ಹಾದಿಗೆ ಮಾತ್ರ. ಮೇಲೇರಲು 20ರಿಂದ 25 ನಿಮಿಷ ಬೇಕು. 10,000 ಅಡಿಗಿಂತ ಕೆಳಗೆ ಬಹುತೇಕ ಕಡೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ ಇದೆ. ಇಳಿಯುವಾಗ ಪ್ರತಿ 1,000 ಅಡಿಗೆ ಮೂರು ನಾಟಿಕಲ್ ಮೈಲಿ ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 37,000 ಅಡಿಯಿಂದ ಇಳಿಯುವ ವಿಮಾನ ಊರು ಇನ್ನೂ 200 ಕಿ.ಮೀ. ಇರುವಾಗಲೇ ಇಳಿಯತೊಡಗುತ್ತದೆ.

ಇದರ ಮೇಲೆ ನೆಲದ ಓಡಾಟ. ಟಿಕೆಟ್ಟಿನಲ್ಲಿರುವ ಹೊರಡುವ ಹೊತ್ತು ಗೇಟಿನಿಂದ ವಿಮಾನ ಕದಲುವ ಹೊತ್ತು. ಚಕ್ರ ನೆಲ ಬಿಡುವ ಹೊತ್ತಲ್ಲ. ತಲುಪುವ ಹೊತ್ತು ಎಂದರೆ ಗೇಟಿಗೆ ಬಂದು ನಿಲ್ಲುವುದು. ಈ ಗೇಟಿನಿಂದ ಗೇಟಿಗಿನ ಅವಧಿಗೆ ಆ ಕಸುಬಿನವರು 'ಬ್ಲಾಕ್ ಟೈಮ್' ಎನ್ನುತ್ತಾರೆ. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಗೆ ಹೋಗಿ ಸರದಿಯಲ್ಲಿ ನಿಲ್ಲುವುದಕ್ಕೇ 15ರಿಂದ 30 ನಿಮಿಷ ಹಿಡಿಯಬಹುದು. ತಡವಾಯಿತೆಂಬ ಹೆಸರು ಬರದಿರಲಿ ಎಂದು ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಇನ್ನಷ್ಟು ನಿಮಿಷ ತುಂಬಿಸಿಡುತ್ತವೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ 'ಸಮಯಕ್ಕೆ ಸರಿಯಾಗಿ' ತಲುಪುವ ಗುಟ್ಟು ಬಹುಪಾಲು ಇದೇ. ಪೈಲಟ್ ವೇಗ ಹೆಚ್ಚಿಸಿದ್ದರಿಂದಲ್ಲ. ಹಾರಾಟದ ವೇಗವನ್ನು ಇಂಧನದ ಖರ್ಚು ಮತ್ತು ಸಮಯದ ಖರ್ಚು ತೂಗಿ ಮೊದಲೇ ನಿಗದಿ ಮಾಡಿರುತ್ತಾರೆ. ಅದನ್ನು ಎಳೆದಾಡಲು ಜಾಗ ಕಡಿಮೆ.

ಕೈಲೆಕ್ಕಕ್ಕೆ ಒಂದು ಸೂತ್ರ ಬೇಕೆಂದರೆ: ಕಿಲೋಮೀಟರನ್ನು 850ರಿಂದ ಭಾಗಿಸಿ, 40 ನಿಮಿಷ ಸೇರಿಸಿ. ಲಂಡನ್-ನ್ಯೂಯಾರ್ಕ್‌ಗೆ 7 ಗಂಟೆ 11 ನಿಮಿಷ ಬರುತ್ತದೆ. ಹಾಗೆಂದು ಇದನ್ನೇ ಅಚ್ಚು ಮಾಡುವಂತಿಲ್ಲ. ಗಾಳಿಯೇ ಇಲ್ಲದ, ಗೆರೆ ಎಳೆದಂತೆ ಹಾರಬಹುದಾದ ದಿನದ ಲೆಕ್ಕ ಇದು. ಅಂಥ ದಿನ ಇಲ್ಲ.

ವಿಮಾನ ಹಾರುವುದು ಗಾಳಿಯೊಳಗೆ. ಆ ಗಾಳಿಯೇ ಚಲಿಸುತ್ತಿದ್ದರೆ, ಹರಿಯುವ ಹೊಳೆಯಲ್ಲಿ ಹುಟ್ಟು ಹಾಕುವ ಹರಿಗೋಲಿನಂತೆ, ನೆಲದ ಲೆಕ್ಕದ ವೇಗ ಬೇರೆಯೇ ಆಗುತ್ತದೆ. 9ರಿಂದ 12 ಕಿ.ಮೀ. ಎತ್ತರದಲ್ಲಿ, ಎರಡೂ ಗೋಲಾರ್ಧಗಳ ಮಧ್ಯ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದು ಜೋರು. ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವೇನಲ್ಲ. ಆದ್ದರಿಂದ ವೇಳಾಪಟ್ಟಿಯಲ್ಲಿ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 8 ಗಂಟೆ, ಮರಳಲು ಸುಮಾರು 7. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಂಬತ್ತೂವರೆ ಗಂಟೆಯ ಆಸುಪಾಸು, ವಾಪಸು ಬರಲು ಸುಮಾರು 11. ಚೌಕದಲ್ಲಿ ಒಂದೇ ಅಂಕಿ ಹಾಕಿದರೆ ಎರಡರಲ್ಲಿ ಒಂದು ದಿಕ್ಕಿನವರಿಗೆ ಅದು ತಪ್ಪು ಅಂಕಿ.

2020ರ ಫೆಬ್ರುವರಿ 8ರ ರಾತ್ರಿ ನ್ಯೂಯಾರ್ಕ್ ಬಿಟ್ಟ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಸಿಯಾರಾ ಚಂಡಮಾರುತದ ಗಾಳಿ ಹಿಡಿದು 4 ಗಂಟೆ 56 ನಿಮಿಷಕ್ಕೆ ಲಂಡನ್ ಸೇರಿತು. ನೆಲದ ಲೆಕ್ಕದಲ್ಲಿ ವೇಗ ಗಂಟೆಗೆ 1,320 ಕಿ.ಮೀ. ಮುಟ್ಟಿತ್ತು. 'ಶಬ್ದದ ವೇಗ ಮೀರಿದ ವಿಮಾನ' ಎಂದು ಆಗ ಕೆಲವೆಡೆ ಶೀರ್ಷಿಕೆ ಬಂತು, ಅದು ತಪ್ಪು. ತನ್ನ ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು. ನಿಜಕ್ಕೂ ಶಬ್ದದ ವೇಗ ಮೀರಿ ಹಾರುತ್ತಿದ್ದ ಕಾಂಕಾರ್ಡ್ 1996ರ ಫೆಬ್ರುವರಿ 7ರಂದು ಇದೇ ಹಾದಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದಲ್ಲ, ಸರಾಸರಿ ಹಾಕಿದರಾಯಿತು ಎನ್ನುವವರಿಗೆ ಒಂದು ಲೆಕ್ಕ. 5,550 ಕಿ.ಮೀ. ದೂರ, ವಿಮಾನದ ವೇಗ 900, ಗಾಳಿ 100 ಎಂದಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಒಂದು ಕಡೆಗೆ 370 ನಿಮಿಷ. ಗಾಳಿ ಬೆನ್ನಿಗಿದ್ದರೆ 333, ಎದುರಿಗಿದ್ದರೆ 416. ಗಳಿಸಿದ್ದು 37 ನಿಮಿಷ, ಕಳೆದದ್ದು 46. ಎದುರುಗಾಳಿಯೊಳಗೆ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಅದರ ನಷ್ಟವೇ ಯಾವಾಗಲೂ ಹೆಚ್ಚು.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರುವವರಿಗೆ ಊರು ತಾನೇ ಎದುರು ಬರುತ್ತದೆ, ಬೇಗ ತಲುಪುತ್ತಾರೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದೆ, ಅದರೊಳಗಿನ ವಿಮಾನವೂ. ಆ ಮಾತು ನಿಜವಾಗಿದ್ದರೆ ಮೇಲಿನ ಅವಧಿಗಳು ತಿರುಗುಮುರುಗಾಗಿರಬೇಕಿತ್ತು.

ಉತ್ತರ ಅಟ್ಲಾಂಟಿಕ್‌ನ ಮೇಲೆ ಗಾಳಿಯ ಮುನ್ಸೂಚನೆ ನೋಡಿ ದಿನಕ್ಕೆ ಎರಡು ಸಲ ಹಾದಿಗಳನ್ನೇ ಹೊಸದಾಗಿ ಹಾಕುತ್ತಾರೆ: ಹಗಲಿನಲ್ಲಿ ಪಶ್ಚಿಮಕ್ಕೆ ಹೋಗುವವರಿಗೆ ಗಾಳಿ ತಪ್ಪಿಸುವ ಹಾದಿ, ರಾತ್ರಿ ಪೂರ್ವಕ್ಕೆ ಹೋಗುವವರಿಗೆ ಗಾಳಿ ಹಿಡಿಯುವ ಹಾದಿ. ಬ್ರಿಟನ್-ಐರ್ಲೆಂಡ್ ಕಡೆಯ ಶ್ಯಾನ್‌ವಿಕ್ ಮತ್ತು ಕೆನಡಾದ ಗ್ಯಾಂಡರ್ ನಿಯಂತ್ರಣ ಕೇಂದ್ರಗಳ ಕೆಲಸವಿದು. ಅಂದರೆ ನಿನ್ನೆಯ ವಿಮಾನ ಹಾರಿದ ದೂರ ಇವತ್ತಿನದಲ್ಲ. ಸುತ್ತುದಾರಿಯೇ ಬೇಗ ಮುಗಿಯುವುದೂ ಉಂಟು. ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ಮಹಾವೃತ್ತದ ದೂರ 12,400 ಕಿ.ಮೀ. ಹತ್ತಿರ. ಏರ್ ಇಂಡಿಯಾ ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿ.ಮೀ. ಹಾರಿ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಿತು: ದೂರ 15,300 ಕಿ.ಮೀ.ಗೆ ಏರಿತು, ಅವಧಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು, ಹೆಚ್ಚುಕಡಿಮೆ ಎರಡು ಗಂಟೆ ಉಳಿಯಿತು. ಭಾಗಾಕಾರದ ಸೂತ್ರ ಹಿಡಿದವರು ಇಲ್ಲಿ ದೂರ ಹೆಚ್ಚಾಯಿತೆಂದು ಅವಧಿಯನ್ನೂ ಏರಿಸಿರುತ್ತಿದ್ದರು.

ಗಾಳಿಯ ನಂತರ ದೊಡ್ಡ ಕಾರಣ ರಾಜಕೀಯ. ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 7,800 ಕಿ.ಮೀ. ರಷ್ಯಾದ ಮೇಲೆ ಹಾರಲು ಬಿಡುತ್ತಿದ್ದಾಗ ಫಿನ್‌ಏರ್‌ನ ವಿಮಾನ ಒಂಬತ್ತೂವರೆ, ಹತ್ತು ಗಂಟೆಯಲ್ಲಿ ತಲುಪುತ್ತಿತ್ತು. 2022ರ ಫೆಬ್ರುವರಿಯಲ್ಲಿ ರಷ್ಯಾ ಮತ್ತು ಯುರೋಪಿನ ದೇಶಗಳು ಪರಸ್ಪರ ವಾಯುಪ್ರದೇಶ ಮುಚ್ಚಿದ ಮೇಲೆ ಅದೇ ಸಂಸ್ಥೆ ಉತ್ತರ ಧ್ರುವದ ಮೇಲಿಂದಲೋ ದಕ್ಷಿಣಕ್ಕೆ ಸುತ್ತಿಯೋ ಹೋಗಬೇಕಾಯಿತು. ಅವಧಿ 13 ಗಂಟೆಯ ಆಸುಪಾಸಿಗೆ ಏರಿತು. ಲಂಡನ್-ಟೋಕಿಯೊ ಕೂಡ 12ರಿಂದ 14 ಗಂಟೆಗೆ ಹೋಯಿತು. ಚೀನಾದ ಸಂಸ್ಥೆಗಳಿಗೆ ಆ ನಿರ್ಬಂಧವಿಲ್ಲ. ಆದ್ದರಿಂದ ಯುರೋಪಿನಿಂದ ಒಂದೇ ಊರಿಗೆ ಹೊರಟ ಎರಡು ಸಂಸ್ಥೆಗಳ ವಿಮಾನಗಳ ನಡುವೆ ಗಂಟೆಗಟ್ಟಲೆ ಅಂತರ ಇರಬಹುದು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ಸಂಸ್ಥೆಗಳಿಗೆ ಮುಚ್ಚಿದಾಗಲೂ ಹೀಗೇ ಆಯಿತು: ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ವಿಮಾನಗಳು ಸುತ್ತಿಕೊಂಡವು, ಬೇರೆ ದೇಶದವರಿಗೆ ಆ ನಿರ್ಬಂಧ ಇರಲಿಲ್ಲ. ಯಾವ ಸಂಸ್ಥೆ ಎಂದು ಹೇಳದ ಅವಧಿಗೆ ಇಂಥ ಹೊತ್ತಿನಲ್ಲಿ ಬೆಲೆಯಿಲ್ಲ. ತಿಂಗಳು, ವರ್ಷ ನಮೂದಿಸದಿದ್ದರೂ ಅಷ್ಟೆ. 2021ರ ಅವಧಿಯನ್ನು ಹಾಗೆಯೇ ನಕಲು ಮಾಡುವ ಪಟ್ಟಿಗಳು ಈಗಲೂ ಇವೆ.

ಭೂಗೋಳವೂ ಹಾದಿ ಬಗ್ಗಿಸುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,500 ಮೀಟರ್. ವಿಮಾನದೊಳಗಿನ ಒತ್ತಡ ಹೋದರೆ ಸುಮಾರು 3,000 ಮೀಟರಿಗೆ ಇಳಿಯಬೇಕು, ಅಲ್ಲಿ ಇಳಿಯಲು ನೆಲವೇ ಅಡ್ಡ. ಪ್ರಯಾಣಿಕರ ಆಮ್ಲಜನಕದ ಮುಖವಾಡ ಕೆಲಸ ಮಾಡುವುದು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ನಿಮಿಷ ಮಾತ್ರ. ಹಾಗಾಗಿ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಸುತ್ತಿಕೊಂಡು ಹೋಗುತ್ತವೆ. ಎರಡು ಎಂಜಿನ್‌ಗಳ ವಿಮಾನಗಳು, ಒಂದು ಎಂಜಿನ್ ಕೆಟ್ಟರೆ ನಿಗದಿತ ನಿಮಿಷಗಳೊಳಗೆ ಯಾವುದಾದರೂ ನಿಲ್ದಾಣ ಸೇರುವಂತೆ ಹಾದಿ ಆರಿಸಬೇಕು. ಈ ಮಿತಿ 180 ನಿಮಿಷದಿಂದ ಕೆಲವು ಮಾದರಿಗಳಿಗೆ 330 ನಿಮಿಷಕ್ಕೂ ಮೇಲೆ ಏರಿದೆ. ಆದರೂ ಸಿಡ್ನಿ-ಸ್ಯಾಂಟಿಯಾಗೊದಂಥ ದಕ್ಷಿಣ ಸಾಗರದ ಹಾದಿಗಳಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಧ್ರುವದ ಹಾದಿಗಳಲ್ಲಿ ಇಂಧನವೇ ತಣ್ಣಗಾಗುತ್ತದೆ. ಜೆಟ್ ಎ-1 ಮೈನಸ್ 47 ಡಿಗ್ರಿಗೆ, ಅಮೆರಿಕದ ಜೆಟ್ ಎ ಮೈನಸ್ 40ಕ್ಕೆ ಗಟ್ಟಿಯಾಗತೊಡಗುತ್ತವೆ. ಅದರ ಹತ್ತಿರ ಬಂದರೆ ಬೆಚ್ಚನೆಯ ಎತ್ತರಕ್ಕೆ ಇಳಿಯಬೇಕು ಇಲ್ಲವೇ ಹಾದಿ ಬದಲಿಸಬೇಕು.

ಅತಿ ದೂರದ ಹಾರಾಟಗಳಲ್ಲಿ ಅವಧಿ ಮತ್ತು ಭಾರ ಒಂದಕ್ಕೊಂದು ಅಂಟಿಕೊಂಡಿವೆ. ಸಿಂಗಪುರ-ನ್ಯೂಯಾರ್ಕ್ ಸುಮಾರು 15,350 ಕಿ.ಮೀ., ವೇಳಾಪಟ್ಟಿಯಲ್ಲಿ ಹದಿನೆಂಟೂವರೆ ಗಂಟೆಗೂ ಮೇಲೆ. ಅದಕ್ಕೆಂದೇ ಮಾಡಿದ ಎ350-900 ಯುಎಲ್‌ಆರ್‌ನಲ್ಲಿ 1,65,000 ಲೀಟರ್ ಇಂಧನ ಹಿಡಿಯುತ್ತದೆ, ಆದರೆ ಆಸನ 161 ಮಾತ್ರ, ಇಕಾನಮಿ ದರ್ಜೆಯೇ ಇಲ್ಲ. ಇಂಥ ಹಾದಿಯಲ್ಲಿ ಎದುರುಗಾಳಿ ಜೋರಾದರೆ ಸರಕು ಇಳಿಸಬೇಕು, ಆಸನ ಖಾಲಿ ಬಿಡಬೇಕು, ಇಲ್ಲವೇ ನಡುವೆ ಇಂಧನಕ್ಕೆ ಇಳಿಯಬೇಕು. ಆಗ ಎರಡು ಗಂಟೆ ತಡ ಖಂಡಿತ.

ಗಡಿಯಾರದ ಗೊಂದಲ ಬೇರೆ. ಟಿಕೆಟ್ಟಿನಲ್ಲಿ ಎರಡೂ ಹೊತ್ತು ಆಯಾ ಊರಿನವು. ಟೋಕಿಯೊದಿಂದ ಸಂಜೆ 5ಕ್ಕೆ ಹೊರಟು ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಅದೇ ದಿನ ಬೆಳಿಗ್ಗೆ 10.30ಕ್ಕೆ ತಲುಪುತ್ತಾರೆ. ಕಳೆದು ನೋಡಿದರೆ ಮೈನಸ್ ಆರೂವರೆ ಗಂಟೆ. ಎರಡನ್ನೂ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಯುಟಿಸಿಗೆ ತಂದರೆ ಸರಿಹೋಗುತ್ತದೆ: ಟೋಕಿಯೊ ಒಂಬತ್ತು ಗಂಟೆ ಮುಂದಿರುವುದರಿಂದ ಹೊರಟದ್ದು 08.00, ಸ್ಯಾನ್ ಫ್ರಾನ್ಸಿಸ್ಕೊ ಏಳು ಗಂಟೆ ಹಿಂದಿರುವುದರಿಂದ ತಲುಪಿದ್ದು 17.30. ಹಾರಾಟ ಒಂಬತ್ತೂವರೆ ಗಂಟೆ. ಬೇಸಿಗೆ ಗಡಿಯಾರ ಬದಲಾಗುವ ದಿನಗಳಲ್ಲಿ ಇನ್ನೊಂದು ಬಲೆ ಇದೆ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡುತ್ತದೆ, ಯುರೋಪು ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್-ನ್ಯೂಯಾರ್ಕ್ ವ್ಯತ್ಯಾಸ ಐದಲ್ಲ, ನಾಲ್ಕು ಗಂಟೆ. ಅಕ್ಟೋಬರ್ ಕೊನೆಗೆ ಮತ್ತೆ ಒಂದು ವಾರ ಹೀಗೇ.

'ನೇರ ವಿಮಾನ' ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ವಿಮಾನಯಾನದಲ್ಲಿ 'ಡೈರೆಕ್ಟ್' ಎಂದರೆ ಒಂದೇ ಸಂಖ್ಯೆಯ ವಿಮಾನ. ಅದು ನಡುವೆ ಎಲ್ಲೋ ಇಳಿದು ಹೊರಡಬಹುದು. ಎಲ್ಲೂ ಇಳಿಯದ್ದು 'ನಾನ್‌ಸ್ಟಾಪ್'. ಎರಡರ ನಡುವೆ ಎರಡು ಗಂಟೆಗೂ ಮೇಲೆ ವ್ಯತ್ಯಾಸ ಬರುವುದುಂಟು.

ಹಾಗಾದರೆ ಮಹಾವೃತ್ತದ ದೂರ ಯಾವುದಕ್ಕೂ ಬೇಡವೇ? ಬೇಕು. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮ ತಡವಾದ, ರದ್ದಾದ ವಿಮಾನಗಳ ಪರಿಹಾರವನ್ನು 1,500 ಮತ್ತು 3,500 ಕಿ.ಮೀ. ಮೆಟ್ಟಿಲುಗಳ ಮೇಲೆ ಕಟ್ಟಿತು. ಅಲ್ಲಿ ಅಳೆಯುವುದು ವಿಮಾನ ಸುತ್ತಿದ ದೂರವನ್ನಲ್ಲ, ಮಹಾವೃತ್ತದ ದೂರವನ್ನು. ನಡುವೆ ವಿಮಾನ ಬದಲಿಸಿದರೂ ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣಕ್ಕೇ ಗೆರೆ ಎಳೆಯಬೇಕೆಂದು ಅಲ್ಲಿನ ನ್ಯಾಯಾಲಯ 2017ರಲ್ಲಿ ಹೇಳಿದೆ. ತಲುಪಿದ ಹೊತ್ತು ಎಂದರೆ ಬಾಗಿಲು ತೆರೆದ ಹೊತ್ತು ಎಂದು 2014ರಲ್ಲೇ ತೀರ್ಪಾಗಿದೆ. ಪೈಲಟ್ ಇಳಿಸಿದ ಕ್ಷಣ ಲೆಕ್ಕಕ್ಕಿಲ್ಲ.

ಪತ್ರಿಕೆಯವರಲ್ಲಿ ಕೇಳುವುದು ಇಷ್ಟು: ಊರಿನ ಜೊತೆ ನಿಲ್ದಾಣದ ಹೆಸರು ಹಾಕಿ. ಅವಧಿಯನ್ನು ಭಾಗಾಕಾರದಿಂದ ತರಬೇಡಿ, ಸಂಸ್ಥೆಯ ವೇಳಾಪಟ್ಟಿಯಿಂದ ತೆಗೆಯಿರಿ. ಹೋಗಲು, ಬರಲು ಎರಡು ಅಂಕಿ ಕೊಡಿ. ಯಾವ ಸಂಸ್ಥೆ, ಯಾವ ತಿಂಗಳು, ನಡುವೆ ಇಳಿಯುತ್ತದೋ ಇಲ್ಲವೋ ಎಂದು ಒಂದು ಸಾಲಿನಲ್ಲಿ ಹೇಳಿ. ಚೌಕದಲ್ಲಿ ಇಷ್ಟಕ್ಕೆ ಜಾಗ ಸಾಲದಿದ್ದರೆ ಕಿಲೋಮೀಟರನ್ನೇ ಕೈಬಿಡಬಹುದು. ಟಿಕೆಟ್ ತೆಗೆಯುವವರಿಗೆ ಅದರಿಂದ ಏನೂ ಕಡಿಮೆಯಾಗದು.

ಇಂತಿ,
ಓದುಗರೊಬ್ಬರು